ಎಂಡ್ರಿಕ್ ಏರಿದನೋ, ಏರಿಸಿದರೋ?

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ವರ್ಷ, ಫುಟ್‌ಬಾಲ್ ಹುಚ್ಚು. ಬ್ರೆಜಿಲ್‌ನ ಎಂಡ್ರಿಕ್ ಅವನ ದೇವರು. ಕೋಣೆಯ ಗೋಡೆಯ ಮೇಲೂ ಅವನೇ, ಮೊಬೈಲ್‌ನಲ್ಲೂ ಅವನೇ. ಹದಿನಾರನೆಯ ವಯಸ್ಸಿಗೆ ರಿಯಲ್ ಮ್ಯಾಡ್ರಿಡ್ ಕೊಂಡುಕೊಂಡ ಹುಡುಗ ಹತ್ತೊಂಬತ್ತಕ್ಕೆ ಆಡಲು ಅವಕಾಶವೇ ಸಿಗದೆ ಫ್ರಾನ್ಸಿನ ಕ್ಲಬ್‌ಗೆ ಎರವಲು ಹೋದದ್ದು ಯಾಕೆ ಎಂದು ಮಗ ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ. ಇವನ ಏಳಿಗೆ ನಿಜವಾದದ್ದೋ, ಊದಿ ದೊಡ್ಡದು ಮಾಡಿದ್ದೋ? ಬ್ರೆಜಿಲ್‌ನ ಹುಡುಗರು ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ಮೇಲೆ ಹೋಗುವುದಾದರೂ ಹೇಗೆ?
– ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಕೇಳಿದ ಪ್ರಶ್ನೆಯನ್ನೇ ಮ್ಯಾಡ್ರಿಡ್‌ನ ಪತ್ರಿಕೆಗಳೂ ಒಂದೂವರೆ ವರ್ಷ ಕೇಳಿಕೊಂಡು ಬಂದವು. ಉತ್ತರ ತಿಳಿಯಲಿಲ್ಲವೆಂದು ನೀವು ನಾಚಬೇಕಾಗಿಲ್ಲ.

ಬಹಳ ವರ್ಷಗಳಿಂದ ಮಕ್ಕಳಿಗೆ ಆಟ ಕಲಿಸುತ್ತಿರುವ ನನ್ನ ಬಳಿ ಒಂದು ನೋಟ್‌ಪುಸ್ತಕವಿದೆ. ಅದರಲ್ಲಿ ಗೋಲುಗಳ ಲೆಕ್ಕವಿಲ್ಲ. ಯಾವ ಹುಡುಗ ಯಾವ ಪಂದ್ಯದಲ್ಲಿ ಎಷ್ಟು ನಿಮಿಷ ಆಡಿದ ಎಂಬುದಷ್ಟೇ ಇದೆ. ಪೋಷಕರು ಗೋಲು ಎಣಿಸುತ್ತಾರೆ, ಪತ್ರಿಕೆಗಳು ಯೂರೋ ಎಣಿಸುತ್ತವೆ, ನಾನು ನಿಮಿಷ ಎಣಿಸುತ್ತೇನೆ. ಎಂಡ್ರಿಕ್‌ನ ಕಥೆಯನ್ನು ಗೋಲುಗಳಿಂದ ಓದಿದರೆ ಅವನು ಅದ್ಭುತ, ಯೂರೋಗಳಿಂದ ಓದಿದರೆ ಅವನು ಇನ್ನೂ ತೀರದ ಸಾಲ. ನಿಮಿಷಗಳಿಂದ ಓದಿದರೆ ಮಾತ್ರ ನಿಮ್ಮ ಮಗನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹಾಗೆಯೇ ಓದೋಣ.

ಎಂಡ್ರಿಕ್ ಫೆಲಿಪೆ ಮೊರೇರಾ ಡಿ ಸೋಜಾ ಹುಟ್ಟಿದ್ದು 2006ರ ಜುಲೈ 21ರಂದು, ರಾಜಧಾನಿ ಬ್ರೆಸಿಲಿಯಾಕ್ಕೆ ಸೇರಿದ ಟಾಗ್ವಾಟಿಂಗಾದಲ್ಲಿ. ಬೆಳೆದದ್ದು ಪಕ್ಕದ ಗೊಯಾಸ್ ರಾಜ್ಯದ ವಾಲ್ಪರೈಸೊದಲ್ಲಿ. ಇದು ರಿಯೋದ ಕಡಲತೀರವಲ್ಲ, ಸಾವೊ ಪಾಲೊದ ಹೆಸರಾಂತ ಮೈದಾನವೂ ಅಲ್ಲ. ಬ್ರೆಜಿಲ್ ಫುಟ್‌ಬಾಲ್‌ನ ನಕ್ಷೆಯಲ್ಲಿ ಅಷ್ಟೇನೂ ಎದ್ದು ಕಾಣದ ಒಳನಾಡು. ಮಗ ಆಡುವುದನ್ನು ತಂದೆ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ದೊಡ್ಡ ಕ್ಲಬ್‌ನ ಯಾರಾದರೂ ನೋಡಿಯಾರೆಂಬ ಆಸೆ. ಕೊನೆಗೆ ನೋಡಿದ್ದು, ನೋಡಿ ಕರೆದದ್ದು ಸಾವೊ ಪಾಲೊ ನಗರದ ಪಾಲ್ಮೇರಾಸ್. ಆಗ ಹುಡುಗನಿಗೆ ಹನ್ನೊಂದು ವರ್ಷ.

ಬ್ರೆಜಿಲ್‌ನ ಕಾನೂನಿನ ಪ್ರಕಾರ ಹದಿನಾಲ್ಕು ತುಂಬುವವರೆಗೆ ಹುಡುಗನೊಂದಿಗೆ ಕ್ಲಬ್ ತರಬೇತಿ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಹನ್ನೊಂದು ವರ್ಷದ ಹುಡುಗ ಬೇಕೆಂದರೆ ಅವನ ಮನೆಯನ್ನೇ ಊರು ಬಿಡಿಸಿ ಕರೆತರಬೇಕಾಗುತ್ತದೆ. ತಂದೆಗೆ ಕೆಲಸ ಬೇಕು, ತಲೆಯ ಮೇಲೆ ಸೂರು ಬೇಕು. ಎಂಡ್ರಿಕ್‌ನ ತಂದೆಗೆ ಪಾಲ್ಮೇರಾಸ್ ತನ್ನ ತರಬೇತಿ ಕೇಂದ್ರದಲ್ಲೇ ಸ್ವಚ್ಛತಾ ಕೆಲಸ ಕೊಟ್ಟಿತು. ಮಗ ಒಂದು ಮೈದಾನದಲ್ಲಿ ಚೆಂಡು ಒದೆಯುತ್ತಿದ್ದಾಗ ತಂದೆ ದೊಡ್ಡವರ ಡ್ರೆಸಿಂಗ್ ಕೋಣೆ ಗುಡಿಸುತ್ತಿದ್ದರು. ಹಲ್ಲುಗಳು ಹಾಳಾಗಿ ಊಟ ಮಾಡಲೂ ಕಷ್ಟಪಡುತ್ತಿದ್ದ ಅವರಿಗೆ ಚಿಕಿತ್ಸೆ ಕೊಡಿಸಲು ಮುಂದೆ ಬಂದದ್ದು ಆಗಿನ ಗೋಲ್‌ಕೀಪರ್ ಜೈಲ್ಸನ್. ಬಡತನ ಗೆದ್ದ ಕಥೆಯಾಗಿ ಇದನ್ನೆಲ್ಲ ಎಷ್ಟೋ ಜನ ಬರೆದಿದ್ದಾರೆ. ನನಗೆ ಇದು ಲೆಕ್ಕಾಚಾರದ ಕಥೆಯಾಗಿಯೂ ಕಾಣುತ್ತದೆ. ಒಬ್ಬ ಹುಡುಗನಿಗಾಗಿ ಒಂದು ಸಂಸಾರವನ್ನೇ ಸಾವಿರ ಕಿಲೋಮೀಟರ್ ಆಚೆಗೆ ಕರೆಸಿಕೊಳ್ಳುವ ಕ್ಲಬ್‌ಗೆ ಆ ಹುಡುಗನನ್ನು ಮುಂದೆ ಮಾರುವ ಯೋಚನೆಯೂ ಇದ್ದೇ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಕಥೆ ಓದುವಾಗ ಅದು ನೆನಪಿರಲಿ.

ಮುಂದಿನ ಐದು ವರ್ಷ ಅವನು ಕಿರಿಯರ ತಂಡಗಳಲ್ಲಿ ಆಡಿದ. 169 ಪಂದ್ಯಗಳಲ್ಲಿ 165 ಗೋಲು ಎಂಬುದು ಎಲ್ಲ ಕಡೆ ಉಲ್ಲೇಖವಾಗುವ ಅಂಕಿ. ಓದುಗರು 165 ಎಂಬಲ್ಲಿ ಕಣ್ಣರಳಿಸುತ್ತಾರೆ, ನಾನು 169 ಎಂಬಲ್ಲಿ. ಹದಿನಾರು ತುಂಬುವ ಹೊತ್ತಿಗೆ ಅಷ್ಟು ಪಂದ್ಯ! ನಮ್ಮ ರಾಜ್ಯದ ಪ್ರತಿಭಾವಂತ ಹುಡುಗನೊಬ್ಬ ಆ ವಯಸ್ಸಿಗೆ ಇದರ ಕಾಲುಭಾಗದಷ್ಟು ಸ್ಪರ್ಧಾತ್ಮಕ ಪಂದ್ಯ ಆಡಿದ್ದರೆ ಅದೇ ಪುಣ್ಯ. ಇದರ ಮೇಲೆ ಫುಟ್ಸಾಲ್ ಬೇರೆ. ಬ್ರೆಜಿಲ್‌ನ ಹೆಚ್ಚಿನ ಮಕ್ಕಳು ಮೊದಲು ಕಾಲಿಡುವುದು ಹುಲ್ಲಿನ ಮೇಲಲ್ಲ, ಒಳಾಂಗಣದ ಗಟ್ಟಿ ನೆಲದ ಮೇಲೆ. ಐದೈದು ಜನ, ನಲವತ್ತು ಮೀಟರ್ ಉದ್ದದ ಅಂಗಳ, ಪುಟಿಯದ ಸಣ್ಣ ಚೆಂಡು. ದೊಡ್ಡ ಮೈದಾನದಲ್ಲಿ ಅಪರೂಪಕ್ಕೆ ಚೆಂಡು ಮುಟ್ಟುವ ಹುಡುಗ ಇಲ್ಲಿ ಮತ್ತೆ ಮತ್ತೆ ಮುಟ್ಟುತ್ತಾನೆ. ಮುಟ್ಟುವ ಮೊದಲೇ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಬೆನ್ನು ಕೊಟ್ಟು ಚೆಂಡು ಕಾಯುವುದು, ಕಾಲನ್ನು ಹಿಂದಕ್ಕೆ ಬೀಸದೆಯೇ ಒದೆಯುವುದು, ಇವೆರಡನ್ನೂ ಅಲ್ಲಿ ಯಾರೂ ಹೇಳಿಕೊಡಬೇಕಿಲ್ಲ, ಜಾಗದ ಅಭಾವವೇ ಕಲಿಸುತ್ತದೆ. ಎಂಡ್ರಿಕ್‌ನ ಎಡಗಾಲಿನ ಹೊಡೆತವನ್ನು ನಿಧಾನಗತಿಯಲ್ಲಿ ನೋಡಲು ಮಗನಿಗೆ ಹೇಳಿ. ಮೊಣಕಾಲು ಹಿಂದಕ್ಕೆ ಹೋಗುವುದೇ ಕಡಿಮೆ. ಗೋಲ್‌ಕೀಪರ್ ಅವನ ಕಾಲು ನೋಡಿ ಊಹಿಸುವಷ್ಟರಲ್ಲಿ ಚೆಂಡು ಹೊರಟಿರುತ್ತದೆ. ಎತ್ತರ 1.73 ಮೀಟರ್ ಮಾತ್ರ, ಆದರೆ ಸೊಂಟದ ಕೆಳಗೆ ಎತ್ತಿನ ಬಲ.

ದೇಶಕ್ಕೆ ಅವನ ಹೆಸರು ಗೊತ್ತಾದದ್ದು 2022ರ ಜನವರಿಯಲ್ಲಿ. ಪ್ರತಿ ಜನವರಿ ಸಾವೊ ಪಾಲೊದಲ್ಲಿ ಕಿರಿಯರ ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಜನ ಅದನ್ನು ಪ್ರೀತಿಯಿಂದ ಕೊಪಿನ್ಯಾ, ಅಂದರೆ ಪುಟ್ಟ ಕಪ್ ಎನ್ನುತ್ತಾರೆ. ಫೈನಲ್ ಜನವರಿ 25ಕ್ಕೆ, ನಗರದ ಹುಟ್ಟುಹಬ್ಬದ ದಿನ. ಹಿರಿಯರ ಲೀಗ್‌ಗೆ ಆಗ ಬಿಡುವು, ಹಾಗಾಗಿ ಇಡೀ ದೇಶ ಹುಡುಗರನ್ನೇ ನೋಡುತ್ತದೆ. ನಿಮಗೆ ಕೊಪಿನ್ಯಾ ಕೂಡ ಇಲ್ಲ ಎಂದು ಎದುರಾಳಿ ಅಭಿಮಾನಿಗಳು ಪಾಲ್ಮೇರಾಸ್ ಅನ್ನು ಹಾಡು ಕಟ್ಟಿ ಛೇಡಿಸುತ್ತಿದ್ದ ಕಾಲವದು. ಹದಿನೈದರ ಎಂಡ್ರಿಕ್ ತನಗಿಂತ ಮೂರು-ನಾಲ್ಕು ವರ್ಷ ದೊಡ್ಡವರ ನಡುವೆ ಆಡಿದ. ಓಯೆಸ್ಟೆ ವಿರುದ್ಧ ಗೋಲಿಗೆ ಬೆನ್ನು ಹಾಕಿ ನಿಂತವನು ಗಾಳಿಯಲ್ಲಿ ಮಲಗಿ ತಲೆಯ ಮೇಲಿಂದ ಒದ್ದ ಬೈಸಿಕಲ್ ಕಿಕ್ ದೂರದಿಂದಲೇ ಬಲೆ ಸೇರಿತು. ಫೈನಲ್‌ನಲ್ಲಿ ಸಾಂಟೋಸ್ ವಿರುದ್ಧ 4-0. ಪಾಲ್ಮೇರಾಸ್‌ಗೆ ಮೊದಲ ಕೊಪಿನ್ಯಾ, ಪಂದ್ಯಾವಳಿಯ ಶ್ರೇಷ್ಠ ಆಟಗಾರ ಎಂಡ್ರಿಕ್.

ಇಲ್ಲಿಂದ ಮುಂದಿನ ಒಂಬತ್ತು ತಿಂಗಳು ಏನೂ ನಡೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಮುಖ್ಯ ಭಾಗ ಅದೇ.

ಪಾಲ್ಮೇರಾಸ್ ಆ ಫೆಬ್ರವರಿಯಲ್ಲಿ ಕ್ಲಬ್ ವಿಶ್ವಕಪ್ ಆಡಲು ಅಬುಧಾಬಿಗೆ ಹೊರಟಿತ್ತು. ಹುಡುಗನನ್ನೂ ಕರೆದೊಯ್ಯಿರಿ ಎಂದು ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಪೋರ್ಚುಗಲ್‌ನಿಂದ ಬಂದು ಆಗಲೇ ಎರಡು ಸಲ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಕಪ್ ಆದ ಕೋಪಾ ಲಿಬರ್ಟಡೋರೆಸ್ ಗೆದ್ದುಕೊಟ್ಟಿದ್ದ ತರಬೇತುದಾರ ಅಬೆಲ್ ಫೆರೇರಾ ಇದಕ್ಕೆ ಸೊಪ್ಪು ಹಾಕಲಿಲ್ಲ. ತಾನು ಈ ಹುಡುಗನ ತಂದೆಯಾಗಿದ್ದರೆ ಅವನನ್ನು ಡಿಸ್ನಿಗೆ ಸುತ್ತಾಡಿಸಲು ಕರೆದೊಯ್ಯುತ್ತಿದ್ದೆ ಎಂಬರ್ಥದ ಮಾತಾಡಿ ಸುಮ್ಮನಾದರು. ಪತ್ರಕರ್ತರು ನಕ್ಕರು. ಆದರೆ ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಜುಲೈಯಲ್ಲಿ ಹದಿನಾರು ತುಂಬಿ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ ಅಬೆಲ್ ಕಾದರು. ಅಕ್ಟೋಬರ್ 6ರಂದು ಕೊರಿಟಿಬಾ ವಿರುದ್ಧ ಪಂದ್ಯ ಕೈಯಲ್ಲಿದ್ದಾಗ ಹುಡುಗನನ್ನು ಒಳಗೆ ಬಿಟ್ಟರು. ಆಗ ಅವನ ವಯಸ್ಸು 16 ವರ್ಷ, ಎರಡು ತಿಂಗಳು, ಹದಿನೈದು ದಿನ. ಕ್ಲಬ್‌ನ ಇತಿಹಾಸದಲ್ಲೇ ಅತಿ ಕಿರಿಯ. ಅದೇ ತಿಂಗಳ 25ರಂದು ಅತ್ಲೆಟಿಕೊ ಪರಾನೆನ್ಸೆ ವಿರುದ್ಧ ಬದಲಿ ಆಟಗಾರನಾಗಿ ಬಂದು ಎರಡು ಗೋಲು ಹೊಡೆದ. ಲೀಗ್ ಪ್ರಶಸ್ತಿ ಹೆಚ್ಚುಕಡಿಮೆ ಖಚಿತವಾಗಿದ್ದ ವಾರಗಳವು. ಸೋಲಿನ ಭಯವಿಲ್ಲದ ಪಂದ್ಯಗಳನ್ನೇ ಆರಿಸಿ ಎಳೆಯನನ್ನು ಇಳಿಸುವುದು ಹಳೆಯ ಜಾಣತನ. ಅದನ್ನು ಪಾಲಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಆ ವರ್ಷ ಅವನು ಆಡಿದ್ದು ಒಟ್ಟು ಏಳು ಪಂದ್ಯ, ಹೊಡೆದದ್ದು ಮೂರು ಗೋಲು. ಡಿಸೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡಿತು. 3.5 ಕೋಟಿ ಯೂರೋ ಖಚಿತ, ಷರತ್ತುಗಳು ಈಡೇರಿದರೆ ಇನ್ನೂ 2.5 ಕೋಟಿ, ತೆರಿಗೆ ಬೇರೆ. ಏಳು ಪಂದ್ಯಕ್ಕೆ! ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುತ್ತೇವಲ್ಲ, ಇದು ಚಿನ್ನದ ಕುಲಾವಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಈ ವ್ಯಾಪಾರದಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವರ್ಗಾಯಿಸುವುದನ್ನು ಫಿಫಾ ನಿಷೇಧಿಸಿದೆ. ಹೆತ್ತವರು ಬೇರೆ ಕಾರಣಕ್ಕೆ ಊರು ಬದಲಿಸಿದಾಗ, ಯುರೋಪಿನ ಒಕ್ಕೂಟದೊಳಗೆ ಹದಿನಾರು ದಾಟಿದವರಿಗೆ, ಹೀಗೆ ಕೆಲವೇ ವಿನಾಯಿತಿಗಳಿವೆ. ಬ್ರೆಜಿಲ್ ಹುಡುಗನಿಗೆ ಅವು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇತ್ತ ಬ್ರೆಜಿಲ್‌ನಲ್ಲಿ ಪೆಲೆ ಕ್ರೀಡಾ ಸಚಿವರಾಗಿದ್ದಾಗ ರೂಪುಗೊಂಡು 1998ರಲ್ಲಿ ಬಂದ, ಪೆಲೆ ಕಾಯ್ದೆ ಎಂದೇ ಕರೆಯುವ ಕಾನೂನು ಹದಿನಾರಕ್ಕೆ ವೃತ್ತಿಪರ ಒಪ್ಪಂದಕ್ಕೆ ದಾರಿ ಕೊಡುತ್ತದೆ. ಆ ಒಪ್ಪಂದದಲ್ಲಿ ಬಿಡುಗಡೆ ಮೊತ್ತ, ಅಂದರೆ ಅದನ್ನು ಕೊಟ್ಟ ಕ್ಲಬ್ ಆಟಗಾರನನ್ನು ಕರೆದೊಯ್ಯಬಹುದಾದ ಬೆಲೆ, ನಮೂದಾಗಿರುತ್ತದೆ. ದೇಶದೊಳಗಿನ ಕ್ಲಬ್‌ಗೆ ಹೋದರೆ ಆ ಮೊತ್ತಕ್ಕೆ ಸಂಬಳದ ಎರಡು ಸಾವಿರ ಪಟ್ಟು ಎಂಬ ಮಿತಿಯಿತ್ತು, ವಿದೇಶದ ಕ್ಲಬ್‌ಗಾದರೆ ಮಿತಿಯೇ ಇರಲಿಲ್ಲ. ಎಂಡ್ರಿಕ್‌ಗೆ ಬರೆದದ್ದು 6 ಕೋಟಿ ಯೂರೋ. ಈಗ ನೋಡಿ, ಹದಿನಾರಕ್ಕೆ ಬೆಲೆ ಬರೆಯಬಹುದು, ಹದಿನೆಂಟಕ್ಕೆ ಮಾತ್ರ ಕಳಿಸಬಹುದು. ಈ ಎರಡು ವರ್ಷಗಳ ಸಂದಿಯಲ್ಲಿ ಇಡೀ ಮಾರುಕಟ್ಟೆ ಕೂತಿದೆ. ಯುರೋಪಿನ ಕ್ಲಬ್ ಬೇಗ ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ. ಬ್ರೆಜಿಲ್‌ನ ಕ್ಲಬ್‌ಗೆ ಹಣದ ಭರವಸೆಯೂ ಸಿಗುತ್ತದೆ, ಹುಡುಗ ಎರಡು ವರ್ಷ ಕೈಯಲ್ಲೂ ಉಳಿಯುತ್ತಾನೆ. 2013ರಲ್ಲಿ ನೆಯ್ಮಾರ್ ಬಾರ್ಸಿಲೋನಾ ಪಾಲಾದ ಮೇಲೆ ರಿಯಲ್ ಮ್ಯಾಡ್ರಿಡ್ ಈ ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿತು. ಹದಿನಾರರ ವಿನಿಸಿಯಸ್‌ಗೆ 4.5 ಕೋಟಿ, ಹದಿನೇಳರ ರೊಡ್ರಿಗೊಗೆ ಅಷ್ಟೇ. ರೇನಿಯರ್‌ಗೆ 3 ಕೋಟಿ.

ರೇನಿಯರ್ ಯಾರು ಎಂದು ನಿಮ್ಮ ಮಗನಿಗೆ ಗೊತ್ತಿರಲಾರದು. 2020ರ ಜನವರಿಯಲ್ಲಿ ಫ್ಲಮೆಂಗೊದಿಂದ ಮ್ಯಾಡ್ರಿಡ್‌ಗೆ ಬಂದವನು, ಇವರಷ್ಟೇ ಸದ್ದು ಮಾಡಿದವನು. ಅಲ್ಲಿನ ಹಿರಿಯರ ತಂಡಕ್ಕೆ ಒಂದೇ ಒಂದು ಅಧಿಕೃತ ಪಂದ್ಯ ಆಡಲಿಲ್ಲ. ಡಾರ್ಟ್‌ಮಂಡ್, ಜಿರೋನಾ, ಫ್ರೊಸಿನೋನೆ, ಗ್ರನಾಡಾ ಎಂದು ಎರವಲು ಸುತ್ತಿ ಬ್ರೆಜಿಲ್‌ಗೆ ಮರಳಿದ. ಗೋಡೆಯ ಮೇಲೆ ಅಂಟಿಸುವ ಚಿತ್ರಗಳಲ್ಲಿ ಅವನು ಇರುವುದಿಲ್ಲ.

ಮತ್ತೆ ಎಂಡ್ರಿಕ್‌ಗೆ ಬರೋಣ. 2023 ಶುರುವಾದಾಗ ಅವನು ಹದಿನಾರರ ಪೋರ, ಬೆನ್ನ ಮೇಲೆ ಆರು ಕೋಟಿಯ ಮೂಟೆ. ಗೋಲು ಬರಲಿಲ್ಲ. ವಾರಗಳು ಕಳೆದವು, ತಿಂಗಳು ಕಳೆಯಿತು. ಚೆಂಡು ಕಂಬಕ್ಕೆ ಬಡಿಯುತ್ತಿತ್ತು, ಕೀಪರ್ ಕೈಗೆ ಹೋಗುತ್ತಿತ್ತು, ಆಕಾಶಕ್ಕೆ ಏರುತ್ತಿತ್ತು. ಏಪ್ರಿಲ್ 9ರಂದು ಸಾವೊ ಪಾಲೊ ರಾಜ್ಯ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಅಗ್ವಾ ಸಾಂಟಾ ವಿರುದ್ಧ ವರ್ಷದ ಮೊದಲ ಗೋಲು ಸಿಕ್ಕಿತು. ಆಮೇಲೂ ಅವನು ಖಾಯಂ ಆಟಗಾರನಾಗಲಿಲ್ಲ. ಅಬೆಲ್ ಕೂರಿಸಿದರು, ಇಳಿಸಿದರು, ಮತ್ತೆ ಕೂರಿಸಿದರು. ಆಗಸ್ಟ್ ಕೊನೆಯಲ್ಲಿ ಹಿರಿಯ ಆಟಗಾರ ಡುಡು ಮೊಣಕಾಲಿನ ಗಾಯಕ್ಕೆ ತುತ್ತಾದ, ಅಕ್ಟೋಬರ್‌ನಲ್ಲಿ ಬೊಕಾ ಜೂನಿಯರ್ಸ್ ಎದುರು ಲಿಬರ್ಟಡೋರೆಸ್ ಸೆಮಿಫೈನಲ್ ಕೈತಪ್ಪಿತು. ತಂಡದ ರಚನೆಯೇ ಬದಲಾಯಿತು. ಆಗ ಜಾಗ ತೆರೆಯಿತು. ಏಳಿಗೆಯ ಕಥೆಗಳಲ್ಲಿ ಇನ್ನೊಬ್ಬನ ಮೊಣಕಾಲು ಎಷ್ಟು ಸಲ ಬರುತ್ತದೆ ಎಂದು ಯಾರೂ ಎಣಿಸಿಲ್ಲ.

ನವೆಂಬರ್ 1ರ ರಾತ್ರಿ ರಿಯೋದಲ್ಲಿ ಬೊಟಾಫೋಗೊ ವಿರುದ್ಧ ಪಂದ್ಯ. ಇಲ್ಲಿ ನಮಗೆ ರಾಜ್ಯೋತ್ಸವದ ಮರುದಿನದ ಬೆಳಗು. ಕಾಫಿ ಲೋಟ ಹಿಡಿದು ಮೊಬೈಲ್ ಮುಂದೆ ಕೂತಿದ್ದೆ. ವಿರಾಮದ ಹೊತ್ತಿಗೆ ಬೊಟಾಫೋಗೊ 3-0 ಮುಂದಿತ್ತು. ಒಂದು ಹಂತದಲ್ಲಿ ಲೀಗ್‌ನಲ್ಲಿ ಹತ್ತಕ್ಕೂ ಹೆಚ್ಚು ಪಾಯಿಂಟ್‌ಗಳ ಮುನ್ನಡೆ ಗಳಿಸಿದ್ದ ತಂಡ ಅದು. ಫೋನ್ ಮಡಚಿಡೋಣ ಅಂದುಕೊಂಡೆ. ಉತ್ತರಾರ್ಧದ ನಾಲ್ಕನೇ ನಿಮಿಷ. ಎಂಡ್ರಿಕ್ ಚೆಂಡು ತೆಗೆದುಕೊಂಡ. ಗೋಲು ಇನ್ನೂ ದೂರ, ಎದುರಿಗೆ ಬಿಳಿ-ಕಪ್ಪು ಅಂಗಿಗಳ ಗೋಡೆ. ಪಾಸ್ ಕೊಡುವ ಜಾಗವದು. ಅವನು ಕೊಡಲಿಲ್ಲ. ಒಬ್ಬನ ಪಕ್ಕದಿಂದ ನುಗ್ಗಿದ, ಇನ್ನೊಬ್ಬ ಭುಜ ಕೊಟ್ಟು ತಳ್ಳಿದರೂ ಬೀಳಲಿಲ್ಲ, ಚೆಂಡು ಕಾಲಿಗೆ ಅಂಟಿಕೊಂಡೇ ಇತ್ತು, ಪೆನಾಲ್ಟಿ ಚೌಕದೊಳಗೆ ಬಂದವನೇ ಎಡಗಾಲಲ್ಲಿ ಒದ್ದ. 3-1. ಸಂಭ್ರಮಿಸಲು ನಿಲ್ಲದೆ ಚೆಂಡಿಗಾಗಿ ಆತುರಪಟ್ಟ ಆ ಹುಡುಗನಿಗೆ ಮಾತ್ರ ಪಂದ್ಯ ಮುಗಿದಿಲ್ಲವೆಂದು ಗೊತ್ತಿದ್ದ ಹಾಗಿತ್ತು. ಮುಂದೆ ಬೊಟಾಫೋಗೊದ ಒಬ್ಬನಿಗೆ ಕೆಂಪು ಕಾರ್ಡ್. ಅವರ ನಾಯಕನಂತಿದ್ದ ಟಿಕಿನ್ಯೊ ಸೋರೆಸ್‌ನ ಪೆನಾಲ್ಟಿಯನ್ನು ಪಾಲ್ಮೇರಾಸ್ ಕೀಪರ್ ವೆವರ್ಟನ್ ತಡೆದ. 84ನೇ ನಿಮಿಷ ಎಂಡ್ರಿಕ್‌ನದೇ ಎರಡನೆಯದು. 89ರಲ್ಲಿ ಲೋಪೆಜ್ ಸಮ ಮಾಡಿದ. ಹೆಚ್ಚುವರಿ ಸಮಯದ ಒಂಬತ್ತನೇ ನಿಮಿಷ ಮುರಿಲೊ ಹೊಡೆದು 4-3. ಕಾಫಿ ಆರಿ ಹೋಗಿತ್ತು. ಬೊಟಾಫೋಗೊ ಆ ರಾತ್ರಿಯ ಪೆಟ್ಟಿನಿಂದ ಏಳಲೇ ಇಲ್ಲ, ಡಿಸೆಂಬರ್‌ನಲ್ಲಿ ಪ್ರಶಸ್ತಿ ಪಾಲ್ಮೇರಾಸ್‌ನದಾಯಿತು. ಲೀಗ್‌ನಲ್ಲಿ ಎಂಡ್ರಿಕ್‌ನ ಗೋಲು ಹನ್ನೊಂದು.

ಹಾಗಾಗಿ, ಊದಿದ್ದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂದೇ. ಬೆಲೆಯನ್ನು ಊದಿದ್ದರು, ಆಟವನ್ನಲ್ಲ. ಪೈಪೋಟಿಯ ಲೀಗ್‌ನ ಕೊನೆಯ ತಿಂಗಳುಗಳಲ್ಲಿ, ಬೇಕಾದ ರಾತ್ರಿಯಲ್ಲಿ, ಹದಿನೇಳರ ಹುಡುಗ ಪಂದ್ಯವನ್ನು ತನ್ನ ಕೈಗೆ ತೆಗೆದುಕೊಂಡ. ಅದಕ್ಕೆ ಯಾರ ಪ್ರಚಾರವೂ ಬೇಕಾಗಿರಲಿಲ್ಲ.

ತೊಡಕು ಶುರುವಾದದ್ದು, ವಿಚಿತ್ರವೆಂದರೆ, ಅವನ ಅತ್ಯಂತ ಹೊಳೆಯುವ ವಾರಗಳಲ್ಲಿ. 2023ರ ನವೆಂಬರ್‌ನಲ್ಲಿ ಕೊಲಂಬಿಯಾ ವಿರುದ್ಧ ಬ್ರೆಜಿಲ್ ಪರ ಮೊದಲ ಪಂದ್ಯ, ಬದಲಿ ಆಟಗಾರನಾಗಿ. 2024ರ ಮಾರ್ಚ್ 23, ಲಂಡನ್‌ನ ವೆಂಬ್ಲಿ ಮೈದಾನ, 71ನೇ ನಿಮಿಷ ಇಳಿದ. 80ನೇ ನಿಮಿಷ ವಿನಿಸಿಯಸ್‌ನ ಹೊಡೆತವನ್ನು ಇಂಗ್ಲೆಂಡ್‌ನ ಕೀಪರ್ ತಡೆದಾಗ ಮರಳಿದ ಚೆಂಡನ್ನು ಒಳಗೆ ತಳ್ಳಿದ, 1-0. ಆ ಮೈದಾನದಲ್ಲಿ ಪುರುಷರ ಹಿರಿಯರ ಫುಟ್‌ಬಾಲ್‌ನಲ್ಲಿ ಗೋಲು ಹೊಡೆದ ಅತಿ ಕಿರಿಯ ಎಂಬ ಹೆಸರು. ಮೂರು ದಿನದ ನಂತರ ಸ್ಪೇನ್ ವಿರುದ್ಧ, ಮುಂದೆ ತನ್ನದಾಗಲಿದ್ದ ರಿಯಲ್ ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂನಲ್ಲೇ, ವಿರಾಮದ ಬಳಿಕ ಬಂದು ಐದೇ ನಿಮಿಷಕ್ಕೆ ಗೋಲು. ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ ಮೆಕ್ಸಿಕೊ ವಿರುದ್ಧ ಕೊನೆಯ ಉಸಿರಿನಲ್ಲಿ ಹೆಡರ್, 3-2. ಎಲ್ಲವೂ ಬೆಂಚಿನಿಂದ ಎದ್ದು ಬಂದು ಹೊಡೆದವು! ಬದಲಿ ಆಟಗಾರನ ಗೋಲು ಎಲ್ಲರನ್ನೂ ಮೋಸಗೊಳಿಸುತ್ತದೆ. ಅಭಿಮಾನಿಗೆ ಅದು ಪವಾಡ. ತರಬೇತುದಾರನಿಗೆ ಸಮಾಧಾನ: ಈ ಹುಡುಗನಿಗೆ ಹತ್ತು ನಿಮಿಷ ಕೊಟ್ಟರೆ ಸಾಕಲ್ಲ! ಹಾಗಾಗಿ ಅವನಿಗೆ ಹತ್ತೇ ನಿಮಿಷ ಸಿಗುತ್ತ ಹೋಗುತ್ತದೆ.

ಮ್ಯಾಡ್ರಿಡ್‌ನಲ್ಲಿ ಆದದ್ದು ಇದೇ. ಹದಿನೆಂಟು ತುಂಬಿ ವಾರ ಕಳೆಯುವಷ್ಟರಲ್ಲಿ, 2024ರ ಜುಲೈ 27ರಂದು, ಬರ್ನಬ್ಯೂನಲ್ಲಿ ಸಾವಿರಾರು ಜನರ ಮುಂದೆ ಅವನ ಪರಿಚಯ ಸಮಾರಂಭ ನಡೆಯಿತು. ಹುಡುಗ ಅತ್ತುಬಿಟ್ಟ. ಅದೇ ಬೇಸಿಗೆಯಲ್ಲಿ ಎಂಬಾಪೆಯೂ ಬಂದಿದ್ದ. ವಿನಿಸಿಯಸ್, ರೊಡ್ರಿಗೊ ಮೊದಲೇ ಇದ್ದರು. ಆಗಸ್ಟ್ 25ರಂದು ವಲ್ಲಡೊಲಿಡ್ ವಿರುದ್ಧ 86ನೇ ನಿಮಿಷ ಇಳಿದು ಹೆಚ್ಚುವರಿ ಸಮಯದಲ್ಲಿ ಗೋಲು. ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್, ಸ್ಟುಟ್‌ಗಾರ್ಟ್ ಎದುರಾಳಿ, ಕೊನೆಯ ಕ್ಷಣ. ಚೆಂಡು ಹಿಡಿದು ಓಡುತ್ತಿದ್ದವನ ಒಂದು ಬದಿಗೆ ಎಂಬಾಪೆ, ಇನ್ನೊಂದು ಬದಿಗೆ ವಿನಿಸಿಯಸ್. ಜಗತ್ತಿನ ಯಾವ ಹದಿನೆಂಟರ ಹುಡುಗನೂ ಅಲ್ಲಿ ಪಾಸ್ ಕೊಡುತ್ತಾನೆ. ಇವನು ಚೌಕದ ಹೊರಗಿನಿಂದ ತಾನೇ ಒದ್ದ, ಗೋಲಾಯಿತು. ಕೋಚ್ ಆನ್ಸೆಲೋಟ್ಟಿ ಹುಡುಗನ ಎದೆಗಾರಿಕೆ ಮೆಚ್ಚಿ ನಕ್ಕರು.

ಏಪ್ರಿಲ್ 2025ಕ್ಕೆ ಬನ್ನಿ. ತಿಂಗಳ ಮೊದಲ ದಿನ ಸ್ಪೇನ್‌ನ ಕಪ್ ಪಂದ್ಯಾವಳಿ ಕೋಪಾ ಡೆಲ್ ರೇಯ ಸೆಮಿಫೈನಲ್‌ನಲ್ಲಿ ರಿಯಲ್ ಸೊಸಿಯೆಡಾಡ್ ಕೀಪರ್‌ನ ತಲೆಯ ಮೇಲಿಂದ ಚೆಂಡನ್ನು ನಯವಾಗಿ ಎತ್ತಿ ಗೋಲು ಮಾಡಿದ. ಚಪ್ಪಾಳೆ. 23ರಂದು ಗೆಟಾಫೆ ವಿರುದ್ಧ ಅದೇ ರೀತಿ ಕೀಪರ್ ಒಬ್ಬನೇ ಎದುರಿಗೆ, ಅದೇ ರೀತಿ ಎತ್ತಲು ಹೋದ. ಚೆಂಡು ಕೀಪರ್ ಕೈಗೆ ಹೋಯಿತು. ಫುಟ್‌ಬಾಲ್‌ನಲ್ಲಿ ನಾಟಕಕ್ಕೆ ಜಾಗವಿಲ್ಲ ಎಂದು ಆನ್ಸೆಲೋಟ್ಟಿ ಸಿಡುಕಿದರು. ನಾನು ಆನ್ಸೆಲೋಟ್ಟಿಯನ್ನು ದೂರುತ್ತಿಲ್ಲ, 1-0 ಮುನ್ನಡೆಯಲ್ಲಿದ್ದ ತಂಡದ ಕೋಚ್‌ಗೆ ಸಿಡುಕು ಸಹಜ. ಆದರೆ ಹುಡುಗನ ಕಡೆಯಿಂದಲೂ ಒಮ್ಮೆ ನೋಡಿ. ವಾರಕ್ಕೆ ತೊಂಬತ್ತು ನಿಮಿಷ ಆಡುವವನು ಎದುರಿಗೆ ಬಂದ ಅವಕಾಶವನ್ನು ಸರಳವಾಗಿ ಮುಗಿಸುತ್ತಾನೆ, ಏಕೆಂದರೆ ಮುಂದಿನದು ಬರುತ್ತದೆಂದು ಗೊತ್ತು. ಹತ್ತು ನಿಮಿಷದವನಿಗೆ ಪ್ರತಿ ಚೆಂಡೂ ಕೊನೆಯ ಚೆಂಡು. ಅವನು ಗೋಲು ಹೊಡೆಯಬೇಕು, ಅಷ್ಟೇ ಅಲ್ಲ, ನೆನಪಿನಲ್ಲಿ ಉಳಿಯುವಂತೆ ಹೊಡೆಯಬೇಕು. ಸೆಪ್ಟೆಂಬರ್‌ನಲ್ಲಿ ಎದೆಗಾರಿಕೆ ಎನಿಸಿಕೊಂಡದ್ದೇ ಏಪ್ರಿಲ್‌ನಲ್ಲಿ ನಾಟಕ ಎನಿಸಿಕೊಂಡಿತು. ಕಾಲು ಅದೇ, ಮನಸ್ಸೂ ಅದೇ.

ಆ ಋತುವಿನ ಒಟ್ಟು ಲೆಕ್ಕ: 37 ಪಂದ್ಯ, 7 ಗೋಲು. ಅದರಲ್ಲಿ ಐದು ಕೋಪಾ ಡೆಲ್ ರೇಯಲ್ಲಿ, ಅಂದರೆ ಅವನನ್ನು ಮೊದಲಿಂದ ಆಡಿಸಿದ, ಇಲ್ಲವೇ ಹೆಚ್ಚು ಹೊತ್ತು ಬಿಟ್ಟ ಪಂದ್ಯಾವಳಿಯಲ್ಲಿ. ಅಷ್ಟೂ ಪಂದ್ಯಗಳ ನಿಮಿಷ ಕೂಡಿಸಿದರೆ ಸಾವಿರವೂ ತುಂಬುವುದಿಲ್ಲ. ಪಂದ್ಯಕ್ಕೆ ಸರಾಸರಿ ಅರ್ಧ ಗಂಟೆಯೂ ಇಲ್ಲ. ಮೇ ತಿಂಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಗಾಯ, ಬೇಸಿಗೆಯ ಕ್ಲಬ್ ವಿಶ್ವಕಪ್ ತಪ್ಪಿತು. ಅದೇ ಪಂದ್ಯಾವಳಿಯಲ್ಲಿ ಗೊನ್ಸಾಲೊ ಗಾರ್ಸಿಯಾ ಎಂಬ ಅಕಾಡೆಮಿಯ ಹುಡುಗ ನಾಲ್ಕು ಗೋಲು ಹೊಡೆದು ಸಾಲಿನಲ್ಲಿ ಮುಂದೆ ಬಂದ. ಈಗ ಅರ್ಥವಾಯಿತಲ್ಲ, ಮೊಣಕಾಲಿನ ಮಾತು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಹೊಸ ಕೋಚ್ ಜಾಬಿ ಅಲೊನ್ಸೊ ಬಂದರು. ಎಂಡ್ರಿಕ್‌ಗೆ ಒಂಬತ್ತನೇ ಸಂಖ್ಯೆಯ ಅಂಗಿ ಸಿಕ್ಕಿತು, ಆಟ ಸಿಗಲಿಲ್ಲ. ಡಿಸೆಂಬರ್‌ವರೆಗೆ ಇಳಿದದ್ದು ಬೆರಳೆಣಿಕೆಯ ಸಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಹೊತ್ತಿಗೆ ಬ್ರೆಜಿಲ್ ತಂಡದ ಕೋಚ್ ಆಗಿದ್ದ ಆನ್ಸೆಲೋಟ್ಟಿಯ ಪಟ್ಟಿಗಳಲ್ಲೂ ವರ್ಷದ ಕೊನೆಯ ತಿಂಗಳುಗಳಲ್ಲಿ ಅವನ ಹೆಸರಿರಲಿಲ್ಲ.

ಇದನ್ನು ಸೋಲು ಎನ್ನುವವರಿಗೆ ವಿನಿಸಿಯಸ್‌ನ ಮೊದಲ ಮೂರು ಋತುಗಳ ಗೋಲು ತೋರಿಸಿ: ನಾಲ್ಕು, ಐದು, ಆರು. ಗೋಲಿನ ಮುಂದೆ ಅವನಿಗೆ ಕಣ್ಣೇ ಕಾಣುವುದಿಲ್ಲ ಎಂದು ಬರ್ನಬ್ಯೂ ನಗುತ್ತಿದ್ದ ಕಾಲ. ನಾಲ್ಕನೇ ಋತುವಿನಲ್ಲಿ 22 ಗೋಲು, ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್‌ನ ಏಕೈಕ ಗೋಲು. ಆದರೆ ಒಂದು ವ್ಯತ್ಯಾಸ ಮರೆಯಬೇಡಿ. ಆ ಮೂರು ವರ್ಷಗಳಲ್ಲಿ ವಿನಿಸಿಯಸ್ ತಪ್ಪು ಮಾಡಿದ್ದು ಆಡುತ್ತಾ. ಮೂರನೇ ಋತುವೊಂದರಲ್ಲೇ 49 ಪಂದ್ಯಗಳಲ್ಲಿ ಇಳಿದಿದ್ದ. ಎಂಡ್ರಿಕ್‌ಗೆ ತಪ್ಪು ಮಾಡಲೂ ಸಮಯ ಸಿಗಲಿಲ್ಲ.

ಹಾಗಾಗಿ ಫ್ರಾನ್ಸಿನ ಲಿಯಾನ್ ಕ್ಲಬ್‌ಗೆ ಎರವಲು ಹೋದದ್ದನ್ನು ನಿಮ್ಮ ಮಗನಿಗೆ ಶಿಕ್ಷೆಯೆಂದು ಹೇಳಬೇಡಿ. ಅದು ನಿಮಿಷಗಳ ಖರೀದಿ. ಊರಿನ ಆಯ್ಕೆಯೂ ಚೆನ್ನಾಗಿದೆ. 2002ರಿಂದ 2008ರವರೆಗೆ ಸತತ ಏಳು ಫ್ರೆಂಚ್ ಲೀಗ್ ಗೆದ್ದ ಲಿಯಾನ್ ಬ್ರೆಜಿಲಿಯನ್ನರಿಗೆ ಹಳೆಯ ಮನೆ. ಫ್ರೀ ಕಿಕ್‌ನ ಮಾಂತ್ರಿಕ ಜುನಿನ್ಯೊ ಅಲ್ಲಿಯವನೇ ಆಗಿಹೋಗಿದ್ದ. ಕೋಚ್ ಪಾಲೊ ಫೊನ್ಸೆಕಾ ಪೋರ್ಚುಗಲ್‌ನವರು, ಅಬೆಲ್ ಫೆರೇರಾರಂತೆಯೇ. ಬೆಂಚಿನ ಮೇಲೆ ಕೂತ ಹುಡುಗನಿಗೆ ಕೋಚ್ ತನ್ನದೇ ಭಾಷೆಯಲ್ಲಿ ಕಾರಣ ಹೇಳುವುದು ಸಣ್ಣ ಸಂಗತಿಯಲ್ಲ. 2026ರ ಜನವರಿ 11ರಂದು ಲಿಲ್ ವಿರುದ್ಧ ಫ್ರೆಂಚ್ ಕಪ್‌ನಲ್ಲಿ ಮೊದಲ ಪಂದ್ಯ, ಮೊದಲ ಗೋಲು. ಎರಡು ವಾರಕ್ಕೆ ಮೆಟ್ಜ್ ವಿರುದ್ಧ ಹ್ಯಾಟ್ರಿಕ್. ಮೂರು ಗೋಲು ನೋಡಿ ನಿಮ್ಮ ಮಗ ಕುಣಿದಿರಬೇಕು. ನಾನು ನೋಡಿದ್ದು ಅವನು ಮೊದಲ ಸೀಟಿಯಿಂದಲೇ ಮೈದಾನದಲ್ಲಿದ್ದ ಎಂಬುದನ್ನು.

ಎಲ್ಲ ಎರವಲೂ ಹೀಗೇ ಫಲಿಸುತ್ತದೆ ಎಂದಲ್ಲ. ವಿಟೊರ್ ರೊಕೆ ಎಂಬ ಇನ್ನೊಬ್ಬ ಸ್ಟ್ರೈಕರ್ 2024ರಲ್ಲಿ ಬಾರ್ಸಿಲೋನಾಕ್ಕೆ ಬಂದ, ಹದಿನಾರು ಪಂದ್ಯದಲ್ಲಿ ಎರಡು ಗೋಲು, ಬೆಟಿಸ್‌ಗೆ ಎರವಲು, 2025ರ ಫೆಬ್ರವರಿಗೆ ಬ್ರೆಜಿಲ್‌ಗೆ ವಾಪಸು. ಕೊಂಡದ್ದು ಯಾರು? ಎಂಡ್ರಿಕ್‌ನನ್ನು ಮಾರಿದ ಪಾಲ್ಮೇರಾಸ್ಸೇ. ಅಲ್ಲಿ ಆಡಲು ಬಿಟ್ಟರು, ಗೋಲು ತಾನಾಗಿ ಬಂತು. ಎಂಡ್ರಿಕ್‌ಗಿಂತ ಕಿರಿಯನಾದ ಎಸ್ಟೆವಾವೊ ಪಾಲ್ಮೇರಾಸ್‌ನಿಂದ ಚೆಲ್ಸಿಗೆ ಹೋಗುವ ಮೊದಲು 2024ರ ಲೀಗ್‌ನಲ್ಲಿ 13 ಗೋಲು ಹೊಡೆದು, ಇಡೀ ಋತು ಖಾಯಂ ಆಡಿದವನು. ಲಂಡನ್‌ನಲ್ಲಿ ಅವನಿಗೆ ಕಾಲೂರಲು ಕಡಿಮೆ ಸಮಯ ಹಿಡಿದದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಎಂಡ್ರಿಕ್‌ನ ಆಟದಲ್ಲಿ ಕೊರತೆ ಇಲ್ಲವೇ? ಇದೆ. ಬಲಗಾಲು ಇನ್ನೂ ಊರುಗೋಲಿನಂತೆ. ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆದಾಗ ಜೊತೆಗಾರನಿಗೆ ಕೊಟ್ಟು ಮತ್ತೆ ಜಾಗ ಹುಡುಕುವುದಕ್ಕಿಂತ ತಿರುಗಿ ನುಗ್ಗುವುದೇ ಅವನಿಗಿಷ್ಟ. ಇವೆರಡೂ ಅಭ್ಯಾಸದ ಮೈದಾನದಲ್ಲಿ ಅರ್ಧ ಸರಿಹೋಗುತ್ತವೆ, ಉಳಿದರ್ಧ ಪಂದ್ಯದಲ್ಲೇ.

ಇನ್ನು ನಿಮ್ಮ ಮಗನ ವಿಷಯ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಆ ಬಡಾವಣೆಗೆ ಮಿನಿ ಬ್ರೆಜಿಲ್ ಎಂದೇ ಹೆಸರು. ಅಲ್ಲಿನ ಹುಡುಗರು ಇಕ್ಕಟ್ಟಿನಲ್ಲಿ ಆಡಿ ಕಲಿತವರು. ಹುಬ್ಬಳ್ಳಿಯಲ್ಲೂ ಇಕ್ಕಟ್ಟಿಗೆ ಬರವಿಲ್ಲ. ಒಳ್ಳೆಯ ಬೂಟಿಗಿಂತ ಮೊದಲು ವಾರಕ್ಕೆ ಮೂರು ದಿನ ಐದೈದು ಜನ ಆಡುವ ಸಣ್ಣ ಅಂಗಳ ಹುಡುಕಿ. ಅಕಾಡೆಮಿಗೆ ಸೇರಿಸುವುದಾದರೆ ಅಲ್ಲಿ ಗೋಡೆಗೆ ಹಾಕಿದ ಕಪ್‌ಗಳನ್ನು ನೋಡಬೇಡಿ. ಕಳೆದ ವರ್ಷ ತಂಡದ ಹದಿನೈದನೇ ಹುಡುಗ ಒಟ್ಟು ಎಷ್ಟು ನಿಮಿಷ ಆಡಿದ ಎಂದು ಕೇಳಿ. ಉತ್ತರ ಗೊತ್ತಿಲ್ಲದ ಕೋಚ್ ಬಳಿ ಮಗನನ್ನು ಬಿಡಬೇಡಿ. ಪ್ರಬಲ ತಂಡದ ಬೆಂಚು, ದುರ್ಬಲ ತಂಡದ ಮೈದಾನ, ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಹನ್ನೆರಡರ ವಯಸ್ಸಿಗೆ ಎರಡನೆಯದೇ ಸರಿ. ಒಬ್ಬ ತಂದೆ ಇದಕ್ಕೆ ಉಲ್ಟಾ ಮಾಡಿ, ಎರಡು ವರ್ಷದ ನಂತರ ಮಗನನ್ನು ನನ್ನ ಬಳಿ ಕರೆತಂದಿದ್ದರು. ಹುಡುಗನ ಬಳಿ ಪದಕಗಳಿದ್ದವು, ಚೆಂಡು ಬಂದಾಗ ಗಾಬರಿಯಿಂದ ನನ್ನ ಮುಖ ನೋಡುತ್ತಿದ್ದ.

ಮಗನ ಮೊಬೈಲ್‌ನಲ್ಲಿರುವುದು ಗೋಲುಗಳ ತುಣುಕುಗಳು ಮಾತ್ರ ಎಂದುಕೊಳ್ಳುತ್ತೇನೆ. ಅವು ಇರಲಿ. ಒಂದು ಭಾನುವಾರ ಇಬ್ಬರೂ ಕೂತು ಬೊಟಾಫೋಗೊ ಪಂದ್ಯದ ಉತ್ತರಾರ್ಧವನ್ನು ಪೂರ್ತಿ ನೋಡಿ. ಚೆಂಡನ್ನು ಬಿಟ್ಟು ಎಂಡ್ರಿಕ್‌ನನ್ನೇ ಗಮನಿಸಲು ಹೇಳಿ. 49ನೇ ನಿಮಿಷದ ಗೋಲಿಗೂ 84ನೇ ನಿಮಿಷದ ಗೋಲಿಗೂ ನಡುವಿನ ಮೂವತ್ತೈದು ನಿಮಿಷ ಅವನು ಎಲ್ಲೆಲ್ಲಿ ನಡೆದ, ಎಷ್ಟು ಸಲ ಕೈ ಎತ್ತಿ ಚೆಂಡು ಕೇಳಿದ, ಎಷ್ಟು ಸಲ ಸಿಗಲಿಲ್ಲ ಎಂದು ಮಗನೇ ಕಾಗದದ ಮೇಲೆ ಗೆರೆ ಎಳೆದು ಎಣಿಸಲಿ. ಆ ಕಾಗದವನ್ನು ನನಗೆ ಕಳುಹಿಸಿಕೊಟ್ಟರೆ ಖುಷಿಯಾಗುತ್ತದೆ.